ನಮ್ಮವನಿಗೇ ಅಡ್ಡ ನಿಂತ ಬಹುರೂಪಿ

ನಮ್ಮ ಮನೆಯೆದುರಿನ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳ ತಮ್ಮ ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡುವವನು. ಯಾವ ಬಾಗಿಲಿಗಾದರೂ ತಲೆ ತಗ್ಗಿಸಿಯೇ ಒಳಗೆ ಬರುವ ಆಳು. ಕೊಂಡ ಪ್ಯಾಂಟು ಅವನ ಕಣಕಾಲು ಮುಟ್ಟುತ್ತಿರಲಿಲ್ಲವಾದ್ದರಿಂದ ಅಕ್ಕನೇ ಹೊಲಿದುಕೊಡುತ್ತಿದ್ದಳು. ಚಿಕ್ಕಂದಿನಿಂದ ಅವನನ್ನು ಸಾಕಿದವಳೂ ಅವಳೇ. ತಂಡದವರು ಅವನನ್ನು ಬಹುರೂಪಿ ಎಂದು ಕರೆಯುತ್ತಿದ್ದರು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಈ ಆಟದಲ್ಲಿ ಒಂದೊಂದು ತಂಡಕ್ಕೆ ಒಂದೊಂದು ವರಸೆ. ಕೆಲವರು ಚೆಂಡು ಸಿಕ್ಕಿದೊಡನೆ ಓಟ ಕೀಳುತ್ತಾರೆ. ಕೆಲವರು ಕೈಯಿಂದ ಕೈಗೆ ದಾಟಿಸುತ್ತ, ಎದುರಿನವನು ಮೈಮರೆಯಲೆಂದು ಕಾಯುತ್ತಾರೆ. ಇನ್ನು ಕೆಲವು ತಂಡಗಳಲ್ಲಿ ಬುಟ್ಟಿಯ ಕೆಳಗೆ ನಿಂತ ಎತ್ತರದವನಿಗೇ ಎಲ್ಲ ಚೆಂಡೂ ಸಲ್ಲಬೇಕು. ಮುಂದಿನ ಪಂದ್ಯದಲ್ಲಿ ಎದುರಾಗುವವರ ವರಸೆಯನ್ನು ಅಭ್ಯಾಸದಲ್ಲಿ ಹಾಗೆಯೇ ಆಡಿ ತೋರಿಸಲು ಒಬ್ಬ ಬೇಕಷ್ಟೆ? ಅದು ಇವನ ಕೆಲಸ. ಅಭ್ಯಾಸದಲ್ಲಿ ಎದುರಾಳಿಯಾಗುವವನು ತೊಡುವ ಕೆಂಪು ಬನಿಯನ್ನು ತೊಟ್ಟು ಒಂದು ವಾರ ಓಟಗಾರನಾಗುತ್ತಿದ್ದ, ಮರುವಾರ ದೂರದಿಂದ ಎಸೆಯುವವನಾಗುತ್ತಿದ್ದ. ಯಾವ ಪಾತ್ರೆಗೆ ಸುರಿದರೂ ಅದರ ಆಕಾರ ತಾಳುವ ನೀರಿನಂಥವನು. ಪಂದ್ಯದ ದಿನ ಮಾತ್ರ ಅವನಿಗೆ ಬೆಂಚೇ ಗತಿ.

ಅಕ್ಕನಿಗೆ ಅವನು ಇದನ್ನೆಲ್ಲ ಬಿಡಿಸಿ ಹೇಳಿರಲಿಲ್ಲ. "ನಾನಿಲ್ದೆ ತಂಡ ನಡೆಯಲ್ಲ ಅಕ್ಕ" ಎನ್ನುತ್ತಿದ್ದ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಒಂದು ಸಲ ತಂಡದ ಎತ್ತರದ ಆಟಗಾರನ ಕಾಲು ಉಳುಕಿತು. ತರಬೇತುದಾರರು ಬಹುರೂಪಿಯನ್ನು ಕರೆದು, "ನಾಳೆ ನೀನೇ ಆಡ್ಬೇಕು ಕಣಯ್ಯ. ಚೆನ್ನಾಗಿ ಆಡು, ಮುಂದಿನ ವರ್ಷದ ಜಾಗಕ್ಕೆ ನಾನು ಮಾತಾಡ್ತೀನಿ" ಎಂದರು. ಅಕ್ಕ ಅಂಗಡಿಗೆ ಬೀಗ ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಮೊದಲ ಬಾರಿಗೆ ಪಂದ್ಯ ನೋಡಲು ಹೊರಟಳು.

ಎದುರು ತಂಡಕ್ಕೆ ಒಂದು ಸನ್ನೆಯಿತ್ತು. ಚೆಂಡು ಹಿಡಿದವನು ತಲೆಯ ಮೇಲೆ ಮುಷ್ಟಿ ಎತ್ತಿದರೆ, ಅವರ ಎತ್ತರದವನು ಓಡಿ ಬಂದು, ಚೆಂಡಿನ ಬೆನ್ನುಹತ್ತಿದವನ ದಾರಿಗೆ ಗೋಡೆಯಂತೆ ಅಡ್ಡ ನಿಲ್ಲಬೇಕು. ಆ ವಾರವೆಲ್ಲ ಬಹುರೂಪಿ ಅಭ್ಯಾಸದಲ್ಲಿ ಆ ಗೋಡೆಯೇ ಆಗಿದ್ದ. ಮುಷ್ಟಿ ಕಂಡರೆ ಕಾಲು ತಾನಾಗಿಯೇ ಓಡುವಷ್ಟು ಅದು ಮೈಗೂಡಿತ್ತು.

ಪಂದ್ಯ ಸಮಸಮನಾಗಿ ನಡೆದಿತ್ತು. ನಮ್ಮ ನಾಯಕ ಚೆಂಡು ಹಿಡಿದವನ ಬೆನ್ನುಹತ್ತಿದ್ದ. ಅತ್ತ ಮುಷ್ಟಿ ಮೇಲೆದ್ದಿತು. ಬಹುರೂಪಿ ಓಡಿದ, ಓಡಿ ಹೋಗಿ ನಮ್ಮ ನಾಯಕನಿಗೇ ಅಡ್ಡ ನಿಂತ! ನಾಯಕ ಅವನ ಎದೆಗೆ ಡಿಕ್ಕಿ ಹೊಡೆದು ಅಂಗಾತ ಬಿದ್ದ. ಎದುರಾಳಿಗಳ ಎತ್ತರದವನು ತನ್ನ ಕೆಲಸವನ್ನು ಬೇರೊಬ್ಬ ಮಾಡಿಕೊಟ್ಟದ್ದನ್ನು ಕಂಡು ಅರ್ಧದಾರಿಯಲ್ಲೇ ನಿಂತುಬಿಟ್ಟ. ಚೆಂಡು ಸಲೀಸಾಗಿ ಬುಟ್ಟಿ ಸೇರಿತು.

ಕ್ರೀಡಾಂಗಣವೆಲ್ಲ ಗೊಳ್ಳೆಂದಿತು. ನಾಯಕ ವಯಸ್ಸಿನಲ್ಲಿ ಚಿಕ್ಕವನು, ಎದ್ದು ಮೈ ಕೊಡವಿಕೊಳ್ಳುತ್ತ, "ಮನೆಗೆ ಮಾರಿ, ಊರಿಗೆ ಉಪಕಾರಿ ಕಣಣ್ಣ ನೀನು!" ಎಂದ.

ಅಲ್ಲಿಗೆ ಮುಗಿದಿದ್ದರೆ ಅದೊಂದು ತಮಾಷೆಯಾಗಿ ಉಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಎದುರಿನವನು ನಗುತ್ತಲೇ ಮತ್ತೆ ಮುಷ್ಟಿ ಎತ್ತಿದ. ಈಗ ಚೆಂಡು ಎಲ್ಲಿಗೆ ಹೋಗುತ್ತದೆಂದು ಬಹುರೂಪಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಎರಡು ಹೆಜ್ಜೆ ಇಟ್ಟಿದ್ದರೆ ಕೈಗೆ ಸಿಗುತ್ತಿತ್ತು. ಆದರೆ ಮತ್ತೆ ನಕ್ಕಾರೆಂಬ ನಾಚಿಕೆ ಅವನ ಕಾಲು ಕಟ್ಟಿಹಾಕಿತು. ಇಂಗು ತಿಂದ ಮಂಗನಂತೆ ನಿಂತೇ ಇದ್ದ. ಚೆಂಡು ಪಕ್ಕದಲ್ಲೇ ಹಾದುಹೋಯಿತು. ತರಬೇತುದಾರರು ಅವನನ್ನು ಹೊರಗೆ ಕರೆದರು. ತಂಡ ಸೋತಿತು.

ಸಂಜೆ ಮನೆಯಲ್ಲಿ ಅಕ್ಕ ತಟ್ಟೆ ಇಟ್ಟಳು. ಅವನು ಗೋಡೆ ಕಡೆ ಮುಖ ಮಾಡಿ ಕುಳಿತಿದ್ದ.

"ಬಾರೋ, ಊಟ ಮಾಡು. ಹೊಟ್ಟೆ ಏನು ತಪ್ಪು ಮಾಡ್ತು?"

"ನಿನ್ನ ಮುಖ ನೋಡೋಕೆ ಆಗ್ತಿಲ್ಲ ಅಕ್ಕ."

"ನನಗೂ ಹಾಗೇ ಆಗಿದೆ ಕಣೋ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು: "ಪಕ್ಕದಲ್ಲಿ ಕೂತಿದ್ದೋಳು ನಕ್ಕೂ ನಕ್ಕೂ, 'ಯಾರ್ರೀ ಆ ಪೆದ್ದ, ನಿಮಗೆ ಗೊತ್ತಾ?' ಅಂದ್ಲು. ನಾನು ಗೊತ್ತಿಲ್ಲ ಅಂದುಬಿಟ್ಟೆ."

ಅವನು ಮೆಲ್ಲಗೆ ಅವಳ ಕಡೆ ತಿರುಗಿದ. "ನನ್ನನ್ನ ಕೇಳಿದ್ರೆ ನಾನೂ ಅದನ್ನೇ ಹೇಳ್ತಿದ್ದೆ" ಎಂದ. ಆಮೇಲೆ, ಇಷ್ಟು ವರ್ಷ ಮುಚ್ಚಿಟ್ಟ ಕೆಂಪು ಬನಿಯನ್ನಿನ ಕತೆಯನ್ನೆಲ್ಲ ಹೇಳಿದ.

"ಅಲ್ವೋ, ಹಾಗಾದ್ರೆ ನಿಮ್ಮೋರ ಆಟ ನೀನು ಕಲಿತಿದ್ದು ಯಾವಾಗ?"

"ಕಲಿತೇ ಇಲ್ಲ. ಅಭ್ಯಾಸದಲ್ಲಿ ನಾನು ಯಾವಾಗ್ಲೂ ಆಚೆ ಕಡೆ."

"ಕಲಿಸಿ ಅಂತ ಕೇಳ್ಲಿಲ್ವಾ?"

"'ನಿನಗ್ಯಾಕೋ ಅದು' ಅಂತ ಅವರು ಅಂದ್ಬಿಟ್ರೆ? ಅದಕ್ಕೂ ನಾಚಿಕೆ."

ಅಕ್ಕ ನಗಲೂ ಇಲ್ಲ, ಬೈಯಲೂ ಇಲ್ಲ. ತಟ್ಟೆಯನ್ನು ಅವನ ಕಡೆಗೆ ಸರಿಸಿದಳು.

ಮರುದಿನ ಅಭ್ಯಾಸದ ಅಂಕಣದ ಬಾಗಿಲಲ್ಲಿ ಅವನು ನಿಂತೇ ಇದ್ದ. ಒಳಗಿನಿಂದ ಯಾರೋ "ಇವತ್ತು ಯಾರ ಕಡೆ ಗುರುವೇ?" ಎಂದು ಕೂಗಿದರು. ಕಿವಿ ಬಿಸಿಯಾಯಿತು. ಆದರೂ ನೇರವಾಗಿ ತರಬೇತುದಾರರ ಬಳಿಗೆ ಹೋದ.

"ಸರ್, ವಾರದಲ್ಲಿ ಒಂದು ದಿನವಾದ್ರೂ ನಮ್ಮ ಕಡೆ ಆಡಿಸಿ. ನಮ್ಮ ಆಟ ನನಗೆ ಬರಲ್ಲ."

"ಮುಂದಿನ ವರ್ಷಕ್ಕೆ ಮೇಲಿನೋರು ಬೇರೆಯವನನ್ನ ಗೊತ್ತು ಮಾಡಿಬಿಟ್ರು ಕಣಯ್ಯ. ಇನ್ನು ನನ್ನ ಕೈಲಿ ಏನೂ ಇಲ್ಲ."

"ಜಾಗ ಕೇಳ್ತಿಲ್ಲ ಸರ್. ಈ ವರ್ಷ ಇನ್ನೂ ಮುಗಿದಿಲ್ವಲ್ಲ."

ಅವರು ಕೊರಳಲ್ಲಿದ್ದ ಸೀಟಿಯನ್ನು ಸುಮ್ಮನೆ ತಿರುಗಿಸಿದರು. ಅವನ ಮುಖ ನೋಡದೆ, "ಇದನ್ನ ನಾನೇ ಯೋಚಿಸ್ಬೇಕಿತ್ತು" ಎಂದು, ಕೆಂಪು ಬನಿಯನ್ನನ್ನು ಬೇರೊಬ್ಬನ ಕಡೆಗೆ ಎಸೆದರು.

ತಂಡದಲ್ಲಿ ಎಲ್ಲರಿಗಿಂತ ಹಿರಿಯನಾದ ಅವನಿಗೆ ಆ ದಿನ ನಾಯಕ, ಹೊಸಬನಿಗೆ ಹೇಳಿಕೊಡುವಂತೆ, ಭುಜ ಹಿಡಿದು ಜಾಗ ತೋರಿಸಿದ. "ಇಲ್ಲಲ್ಲಣ್ಣ, ಇನ್ನೂ ಸ್ವಲ್ಪ ಆಚೆ." ಉಳಿದವರು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಬಹುರೂಪಿ ತಲೆ ಎತ್ತದೆ ಹೇಳಿದಷ್ಟೇ ದೂರ ಸರಿದು ನಿಂತ.