ಬಜೋತಿನಿಗೆ ಮಾತ್ರೆ ಕೊಡುವ ಕೈ

ಜಿಬುಯಿಲೆಗೆ ಎಚ್ಚರವಾಗುತ್ತಿದ್ದುದು ನಾಯಿ ನೀರು ಕುಡಿಯುವ ಸದ್ದಿಗೆ. ಅಡುಗೆಮನೆಯ ಮೂಲೆಯಲ್ಲಿಟ್ಟ ಬೋಗುಣಿಯನ್ನು ಬಜೋತಿನಿ ಲೊಚಲೊಚನೆ ನೆಕ್ಕಿ ಖಾಲಿ ಮಾಡಿ, ಮೂತಿಯಿಂದ ಅದನ್ನು ಗೋಡೆಗೆ ತಳ್ಳಿ, ಇನ್ನಷ್ಟು ಬೇಕೆಂದು ಸದ್ದು ಮಾಡುತ್ತಿತ್ತು. ಅಷ್ಟರಲ್ಲಿ ಬಾಗಿಲ ಬಳಿ ಉಚ್ಚೆ ಹರಿದಿರುತ್ತಿತ್ತು. ಅತ್ತೆ ಏಳುವುದರೊಳಗೆ ಅದನ್ನು ಒರೆಸಬೇಕು, ಮಾವನ ಚಹಾ ಆಗಬೇಕು, ಮಗಳು ಲೆಥೊಗೆ ಗಂಜಿ ಆಗಬೇಕು, ಆಮೇಲೆ ನಾಯಿಗೆ ಉಣ್ಣಿಸಿ ಮಾತ್ರೆ ಕೊಡಬೇಕು. ಮೊದಲಿನದೆಲ್ಲ ಅಭ್ಯಾಸವಾಗಿತ್ತು. ಕೊನೆಯದೊಂದಕ್ಕೆ ಮಾತ್ರ ಕೈ ಹಿಂದೆಗೆಯುತ್ತಿತ್ತು. ಅವಳ ಹೊಟ್ಟೆಯಲ್ಲಿ ಮೂರು ತಿಂಗಳ ಕೂಸಿತ್ತು. ಬಸುರಿಯ ಕೈ ಆ ಮಾತ್ರೆಯನ್ನು ಮುಟ್ಟಬಾರದೆಂದು ನಾಯಿಯ ಡಾಕ್ಟರಮ್ಮ ಹೇಳಿದ್ದರು. ಈ ಎರಡೂ ಸಂಗತಿ ಆ ಮನೆಯಲ್ಲಿ ಗೊತ್ತಿದ್ದುದು ಅವಳೊಬ್ಬಳಿಗೇ.

ಅವಳು ಬೆಳೆದದ್ದು ಡರ್ಬನ್ನಿನ ಉಮ್ಲಾಜಿಯಲ್ಲಿ. ಇಂಗ್ಲಿಷ್ ಶಾಲೆ ಓದಿ, ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವಳು. ಲಿಂಡಾನಿ ಗ್ವಾಲಾನನ್ನು ಮದುವೆಯಾಗಿ, ವಧುದಕ್ಷಿಣೆಯ ಹಸುಗಳು ತವರಿಗೆ ಸಂದಾಯವಾಗಿ, ಎಡೆಂಡೇಲಿನ ಈ ಮನೆಗೆ ಮಕೋಟಿಯಾಗಿ, ಅಂದರೆ ಸೊಸೆಯಾಗಿ ಬಂದಳು. ಗಂಡನಿಗೆ ರಿಚರ್ಡ್ಸ್ ಬೇ ಬಂದರಿನಲ್ಲಿ ಕ್ರೇನಿನ ಕೆಲಸ. ತಿಂಗಳ ಕೊನೆಗೆ ಬಂದು ಹೋಗುತ್ತಿದ್ದ. ಉಳಿದ ದಿನವೆಲ್ಲ ತಲೆಗೆ ಬಟ್ಟೆ, ಹೆಗಲಿಗೆ ಶಾಲು, ನೆಲದ ಮೇಲೆ ಕಣ್ಣು. ಮಾವನ ಮುಖ ನೋಡಿ ಮಾತಾಡುವಂತಿಲ್ಲ. ಅವರು ಕೂತ ಕೋಣೆಯಲ್ಲಿ ಕುರ್ಚಿ ಹತ್ತುವಂತಿಲ್ಲ. ಅತ್ತೆ ಮಾಶೆಲೆಂಬೆ ಕೆಟ್ಟವಳಲ್ಲ. ಆದರೆ ತಾನು ಸೊಸೆಯಾಗಿದ್ದಾಗ ಪಟ್ಟದ್ದರಲ್ಲಿ ಒಂದನ್ನೂ ಬಿಟ್ಟುಕೊಡಲು ಅವಳು ಸಿದ್ಧಳಿರಲಿಲ್ಲ.

ಮಾವ ಬಾಬಾ ಗ್ವಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಡಿಪೋದ ಮೆಕ್ಯಾನಿಕ್ ಒಬ್ಬ ಕೊಟ್ಟ ಗಿಡ್ಡಕಾಲಿನ ಉದ್ದ ಮೈಯ ಮರಿಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ತಂದಿದ್ದರು. ಬೀದಿಯವರು ನಕ್ಕರು. ಅದಕ್ಕೇ ಅವರು ಮರಿಗೆ ಬಜೋತಿನಿ ಎಂದು ಹೆಸರಿಟ್ಟರು. 'ಅವರೇನಂತಾರೋ' ಎಂದು ಅರ್ಥ. ನಾಯಿಯನ್ನು ಕೂಗಿದಾಗಲೆಲ್ಲ ಬೀದಿಗೂ ಒಂದು ಏಟು ತಾಗಲಿ ಎಂದು. ಆ ಕಡೆಯ ಮನೆಗಳಲ್ಲಿ ಮುಖಕ್ಕೆ ಮುಖ ಕೊಟ್ಟು ಆಡಲಾಗದ ಮಾತನ್ನು ನಾಯಿಗೆ ಆಡುವುದು ರೂಢಿ. ಗ್ವಾಲಾ ಮನೆಯಲ್ಲಂತೂ ಅರ್ಧ ಸಂಸಾರವೇ ನಾಯಿಯ ಮೂಲಕ ನಡೆಯುತ್ತಿತ್ತು. "ಬಜೋತಿನಿ, ಇವತ್ತಿನ ಸಾರಿಗೆ ಉಪ್ಪು ಹಾಕೋಕೆ ಮರೆತವರು ಯಾರಪ್ಪಾ?" ಎಂದು ಅತ್ತೆ ಕೇಳುವಳು. "ಬಜೋತಿನಿ, ಇಗರ್ಜಿಗೆ ಹೋದೋರು ಕತ್ತಲಾದ್ಮೇಲೆ ಬರ್ತಾರೆ, ನಂಗೂ ನಿಂಗೂ ಉಪವಾಸ," ಎಂದು ಮಾವ ಹೇಳುವರು. ನಾಯಿ ಇಬ್ಬರಿಗೂ ಬಾಲ ಆಡಿಸುತ್ತಿತ್ತು. ಈ ಆಟದಲ್ಲಿ ಬಾಯಿ ಹಾಕದವಳು ಜಿಬುಯಿಲೆ ಒಬ್ಬಳೇ.

ಚಳಿಗಾಲದ ಹೊತ್ತಿಗೆ ನಾಯಿ ವಿಚಿತ್ರವಾಗತೊಡಗಿತು. ಎಷ್ಟು ನೀರಿಟ್ಟರೂ ಸಾಲದು, ಎಷ್ಟು ಉಂಡರೂ ಹಸಿವು. ಲೆಥೊಳ ಕೈಯಿಂದ ರೊಟ್ಟಿ ಕಿತ್ತುಕೊಂಡಿತು, ಕಸದ ಡಬ್ಬಿ ಉರುಳಿಸಿತು. ಪಕ್ಕೆಯ ಕೂದಲು ಉದುರಿ ಚರ್ಮ ಹಾಳೆಯಂತೆ ತೆಳ್ಳಗಾಯಿತು. ಹೊಟ್ಟೆ ಮಾತ್ರ ಮಡಕೆಯಂತೆ ಊದಿ ನೆಲಕ್ಕೆ ತಾಗಿತು. ಬೇಲಿಯಾಚೆಯ ಮುದುಕಿ ಮಾದುಮಾ ಬಟ್ಟೆ ಹಿಂಡುತ್ತ ಕೂಗಿದಳು: "ಏ ಮಕೋಟಿ, ನಿಮ್ಮನೇಲಿ ಬಸುರಿ ಯಾರು ಅಂದ್ರೆ ಗಂಡುನಾಯಿ ಅಂತಿದಾರಲ್ಲೇ ಬೀದೀಲಿ. ನಿಂಗೆ ನಾಚ್ಕೆ ಆಗಲ್ವ?" ಜಿಬುಯಿಲೆ ನಕ್ಕಂತೆ ಮಾಡಿ ಒಳಗೆ ಹೋದಳು.

ಮಾಶೆಲೆಂಬೆ ಇದು ಯಾರೋ ಮಾಡಿಸಿದ್ದು ಎಂದಳು. ಬಾಬಾ ಕೇಳಲಿಲ್ಲ. ನಾಯಿಯನ್ನು ಹಳೆಯ ಕಾರಿನಲ್ಲಿ ಹಾಕಿಕೊಂಡು ಪೇಟೆಯ ಪ್ರಾಣಿ ಆಸ್ಪತ್ರೆಗೆ ಹೊರಟರು. ಡಾಕ್ಟರಮ್ಮನಿಗೆ ಜುಲು ಅಷ್ಟಕ್ಕಷ್ಟೆ, ಬಾಬಾಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಾತು ದಾಟಿಸಲು ಸೊಸೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ರಕ್ತ ತೆಗೆದು, ಸೂಜಿಮದ್ದು ಕೊಟ್ಟು, ಕಾಯಿಸಿ, ಮತ್ತೆ ರಕ್ತ ತೆಗೆದರು. ಕುಶಿಂಗ್ ಕಾಯಿಲೆ ಎಂದರು. ತಲೆಯೊಳಗಿನ ಕಡಲೆಕಾಳಿನಷ್ಟು ಗ್ರಂಥಿ ಕೆಟ್ಟಿದೆ. ಓಡಿ ಪಾರಾಗುವ ಹೊತ್ತಿನಲ್ಲಿ ಮೈಯೊಳಗೆ ಉಕ್ಕಬೇಕಾದ ರಸ, ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಉಕ್ಕುತ್ತಲೇ ಇದೆ. ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು. ದಿನಾ ಬೆಳಿಗ್ಗೆ ಊಟದ ಜೊತೆ ಒಂದು ಕ್ಯಾಪ್ಸೂಲ್ ಮಾತ್ರೆ. ಊಟ ಬೇಡವೆಂದರೆ, ವಾಂತಿ ಮಾಡಿದರೆ, ನಡುಗಿದರೆ ಮಾತ್ರೆ ನಿಲ್ಲಿಸಿ ಕೂಡಲೇ ಕರೆತರಬೇಕು. ಜಿಬುಯಿಲೆ ಗೋಡೆ ನೋಡುತ್ತ ಒಂದೊಂದೇ ಮಾತನ್ನು ಮಾವನಿಗೆ ದಾಟಿಸಿದಳು.

"ಇನ್ನೊಂದು," ಎಂದರು ಡಾಕ್ಟರಮ್ಮ. "ಬಸುರಿಯಾದವಳು, ಬಸುರಿಯಾಗಬೇಕು ಅಂತಿರೋಳು ಇದನ್ನ ಬರಿಗೈಯಲ್ಲಿ ಮುಟ್ಟಬಾರದು. ಮಾತ್ರೆ ಬಿಚ್ಚಲೂಬಾರದು. ಒಳಗಿನ ಪುಡಿ ಕೂಸಿಗೆ ಅಪಾಯ."

ಬಾಬಾ ಸೊಸೆಯ ಕಡೆ ಕಿವಿ ಕೊಟ್ಟು ನಿಂತಿದ್ದರು. ಮಾವನ ಎದುರು ಬಸಿರಿನ ಮಾತು ಯಾವ ಸೊಸೆಯ ಬಾಯಲ್ಲಿ ಬಂದೀತು? "ಮಾತ್ರೆ ಬಿಚ್ಚಬಾರದಂತೆ ಬಾಬಾ, ಹಾಗೇ ಇಡಿಯಾಗಿ ಕೊಡಬೇಕಂತೆ," ಎಂದಷ್ಟೇ ಹೇಳಿದಳು. ಯಾರು ಕೊಡುತ್ತೀರಿ ಎಂದು ಡಾಕ್ಟರಮ್ಮ ಕೇಳಿದಾಗ ಬಾಬಾ ತಾವೇ ಇಂಗ್ಲಿಷಿನಲ್ಲಿ ಉತ್ತರಿಸಿದರು: ಮಕೋಟಿ ಕೊಡುತ್ತಾಳೆ, ಅವಳು ಓದಿದವಳು. ಅಂದು ಅವಳಿನ್ನೂ ಬಸುರಿಯಾಗಿರಲಿಲ್ಲ, ಹೊಟ್ಟೆ ಖಾಲಿಯಿತ್ತು. ನುಂಗಿದ ಮಾತು ಅಲ್ಲೇ ಜೀರ್ಣವಾಗಿ ಹೋಗುತ್ತದೆ ಎಂದುಕೊಂಡಳು.

ಹಿಂದಿನ ವರ್ಷ ಅವಳಿಗೊಂದು ಬಸಿರು ನಿಂತಿತ್ತು. ಖುಷಿ ತಡೆಯಲಾರದೆ ತವರಿಗೆ, ಗೆಳತಿಯರಿಗೆ, ಮಾದುಮಾಗೆ ಕೂಡ ಹೇಳಿಬಿಟ್ಟಿದ್ದಳು. ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಮಾಶೆಲೆಂಬೆ ಅವಳ ಹಾಸಿಗೆಯ ಪಕ್ಕ ಕೂತು, ಅತ್ತು, ಕೊನೆಗೆ ಹೇಳಿದ್ದಿಷ್ಟು: "ಯಾರ ಕಣ್ಣು ಹೇಗಿರತ್ತೋ. ಮುಂದಿನ ಸಲ ನನಗೂ ಹೇಳಬೇಡ. ಹೊಟ್ಟೇನೇ ಹೇಳ್ಲಿ." ಈ ಸಲ ನಿಂತದ್ದನ್ನು ಫೋನಿನಲ್ಲಿ ಗಂಡನಿಗೆ ಪಿಸುಗುಟ್ಟಿದಳು. ಮಾತ್ರೆಯ ವಿಷಯವನ್ನೂ ಹೇಳಿದಳು. "ಕೈಗವಸು ಹಾಕ್ಕೋ, ಅಷ್ಟೇ ತಾನೆ," ಎಂದ ಲಿಂಡಾನಿ. ಆಚೆಯಿಂದ ಕ್ರೇನಿನ ಗರಗರ ಕೇಳುತ್ತಿತ್ತು. "ಅಮ್ಮನಿಗೆ ಹೇಳ್ಬೇಡ. ಹೋದ್ಸಲದ್ದು ನೆನಪಿದೆ ತಾನೆ?"

ಪಾತ್ರೆ ತೊಳೆಯುವ ಹಳದಿ ಕೈಗವಸು ತಂದಳು. ಮಾಶೆಲೆಂಬೆ ಬಾಗಿಲಲ್ಲಿ ನಿಂತು ನೋಡಿದಳು.

"ಬಜೋತಿನಿ, ನೀನೇನು ಹೆಣವಾ? ನಿನ್ನ ಮುಟ್ಟೋಕೆ ಕೈಗವಸು ಬೇಕಂತೆ. ಉಮ್ಲಾಜೀಲಿ ನಾಯಿಗಳು ಚಮಚದಲ್ಲಿ ತಿಂತಾವೇನೋ."

"ಬಾಯಿ ವಾಸನೆ ಅಮ್ಮ, ಅದಕ್ಕೇ..."

"ನನ್ನ ಗಂಡನ ನಾಯಿ ಬಾಯಿ ವಾಸನೇನಾ? ಅದೇ ಕೈಗವಸಲ್ಲಿ ನಾವು ಉಣ್ಣೋ ತಟ್ಟೆ ತೊಳಿತೀಯಾ?"

ಕೈಗವಸು ಮರುದಿನ ಇರಲಿಲ್ಲ. ಬ್ರೆಡ್ಡಿನ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡಳು. ಅದನ್ನು ನಾಯಿ ಪೊಲೊನಿ ಸಾಸೇಜಿನ ಜೊತೆ ಕಚ್ಚಿ ಎಳೆಯಿತು. ಆಮೇಲೆ ಬರಿಗೈಯೇ. ಸಾಸೇಜಿನ ತುಂಡಿನಲ್ಲಿ ಮಾತ್ರೆ ಹುದುಗಿಸಿ, ಎಸೆದು, ಸೋಪಿನಲ್ಲಿ ಕೈ ಉಜ್ಜುವಳು. ಉಜ್ಜಿದ ಮೇಲೂ ಬೆರಳು ಮೂಸುವಳು. ಲೆಥೊಳನ್ನು ಎತ್ತಿಕೊಳ್ಳಲು ಭಯ, ತಾನು ಉಣ್ಣಲು ಭಯ. ಬಸುರಿಯರ ಸರಕಾರಿ ಕ್ಲಿನಿಕ್ಕಿಗೆ ಹೋಗಿ ಕೇಳೋಣವೆಂದರೆ ಅದು ಮುಖ್ಯರಸ್ತೆಯಲ್ಲೇ ಇತ್ತು. ಅಲ್ಲಿನ ಬೆಂಚಿನ ಮೇಲೆ ಕೂತವಳ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟುತ್ತಿತ್ತು.

ಒಂದು ಬೆಳಿಗ್ಗೆ ನಾಯಿ ಸಾಸೇಜನ್ನು ನುಂಗದೆ ಅಗಿಯಿತು. ಮಾತ್ರೆ ಹಲ್ಲಿಗೆ ಸಿಕ್ಕಿ ಒಡೆದು, ಬಿಡಿಸಲು ಹೋದ ಅವಳ ಮುಂಗೈ ಮೇಲೆ ಜೊಲ್ಲಿನೊಡನೆ ಬಿಳಿ ಪುಡಿ ಇಳಿಯಿತು. ನೆಲದ ಮೇಲಿನ ಚೂರನ್ನು ಎತ್ತಲು ಲೆಥೊ ಪುಟ್ಟ ಹೆಜ್ಜೆಯಿಟ್ಟು ಬರುತ್ತಿದ್ದಳು. ಜಿಬುಯಿಲೆ ಮಗಳನ್ನು ಮೊಣಕಾಲಿನಿಂದ ತಡೆದು, ನಲ್ಲಿಯ ಕೆಳಗೆ ಕೈ ಹಿಡಿದು, ಚರ್ಮ ಸುಕ್ಕುಗಟ್ಟುವವರೆಗೆ ನಿಂತಳು. ಅಂದು ಇಡೀ ದಿನ ಕೆಳಹೊಟ್ಟೆ ಹಿಂಡಿದಂತಾಗುತ್ತಿತ್ತು. ನಿಜವೋ ಹೆದರಿಕೆಯೋ ತಿಳಿಯಲಿಲ್ಲ.

ಮಾರನೆಯ ದಿನದಿಂದ ಅವಳು ಮಾತ್ರೆ ಕೊಡುವುದನ್ನು ಬಿಟ್ಟಳು. ಶೀಶೆಯಿಂದ ಒಂದನ್ನು ಚಮಚದಲ್ಲಿ ಜಾರಿಸಿ, ಹಿತ್ತಿಲ ಬೂದಿಗುಂಡಿಗೆ ಎಸೆದು ಬರುವಳು. ಇಳಿಯುತ್ತಿದ್ದ ದಾಹ ಮತ್ತೆ ಏರಿತು. ನಾಯಿ ಬಾಬಾರ ಹಾಸಿಗೆಯ ಕೆಳಗಿನ ಕಂಬಳಿ ನೆನೆಸಿತು, ನಿಂತಲ್ಲೇ ನಾಲಿಗೆ ಚಾಚಿ ಏದುಸಿರು ಬಿಟ್ಟಿತು. ಬಾಬಾ ತಾವೇ ಕಂಬಳಿ ಒಗೆದು ಬಿಸಿಲಿಗೆ ಹಾಕಿದರು. "ಹೋಗ್ಲಿ ಬಿಡು ಮಗಾ, ವಯಸ್ಸಾಯ್ತು ನಮಗಿಬ್ಬರಿಗೂ," ಎಂದು ಅದರ ಬೋಳು ಪಕ್ಕೆ ಸವರಿದರು. ಬಾಗಿಲ ಹಿಂದೆ ನಿಂತಿದ್ದ ಜಿಬುಯಿಲೆ ಆ ಮಾತು ಕೇಳಿಸಿಕೊಂಡಳು. ಕೊಟ್ಟರೆ ಕೂಸು, ಬಿಟ್ಟರೆ ಈ ಮೂಕಪ್ರಾಣಿ. ಬಾಯಿ ಬಿಟ್ಟರೆ ಹೋದ ವರ್ಷದ ಹಾಗೆಯೇ ಆದೀತು.

ಆ ಶನಿವಾರ ಬಾಬಾ ಆವಕಾಡೊ ಮರಕ್ಕೆ ಕನ್ನಡಿ ತೂಗುಹಾಕಿ ಗಡ್ಡ ಹೆರೆಯುತ್ತಿದ್ದರು. ಮಾಶೆಲೆಂಬೆ ಬೂದಿ ಬಳಿಯಲು ಹೋದವಳು ಅಂಗೈಯಲ್ಲಿ ಏನನ್ನೋ ಇಟ್ಟುಕೊಂಡು ಬಂದಳು. ಬೂದಿ ಮೆತ್ತಿದ ಮಾತ್ರೆಗಳು.

"ಬಜೋತಿನಿ," ಎಂದಳು, ಅಂಗಳಕ್ಕೆಲ್ಲ ಕೇಳುವಂತೆ. "ಬಾ ಇಲ್ಲಿ. ನಿನ್ನ ಔಷಧಿ ಬೂದೀಲಿ ಬೆಳೀತಿದೆ. ನಿನ್ನನ್ನ ಸಾಯಿಸೋಕೆ ಈ ಮನೇಲಿ ಯಾರಿಗೆ ಅವಸರ ಅಂತ ಕೇಳು."

ಬಾಬಾರ ಬ್ಲೇಡು ಕೆನ್ನೆಯ ಮೇಲೆ ನಿಂತಿತು. ಅವರು ತಿರುಗಲಿಲ್ಲ. ಕನ್ನಡಿಯಲ್ಲಿ ಸೊಸೆಯ ಕಾಲು ಮಾತ್ರ ಕಂಡಿರಬೇಕು.

ಜಿಬುಯಿಲೆ ನಾಯಿಯ ತಟ್ಟೆ ಹಿಡಿದು ಮೆಟ್ಟಿಲ ಮೇಲಿದ್ದಳು. ಒಳಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಓಡಿ ಬಂದ ನಾಯಿಯ ಮುಖವನ್ನು ನೋಡುತ್ತ ಅವಳು ಜೀವಮಾನದಲ್ಲಿ ಮೊದಲ ಸಲ ಆ ಮನೆಯ ಆಟಕ್ಕೆ ಇಳಿದಳು.

"ಬಜೋತಿನಿ, ಎಸೆದದ್ದು ನಾನೇ. ನೀನು ಸಾಯ್ಲಿ ಅಂತಲ್ಲ. ಡಾಕ್ಟರಮ್ಮ ಅವತ್ತು ಇನ್ನೊಂದು ಮಾತು ಹೇಳಿದ್ರು. ಬಾಬಾಗೆ ಅದನ್ನ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಈ ಮಾತ್ರೇನ ಬಸುರಿ ಮುಟ್ಟಬಾರ್ದಂತೆ. ಪುಡಿ ತಾಗಿದ್ರೆ ಕೂಸಿಗೆ ಆಗಲ್ವಂತೆ. ನಾನು ಯಾರಿಗೂ ಏನೂ ಹೇಳ್ತಿಲ್ಲ. ನಾಯಿಗೆ ಹೇಳ್ತಿದೀನಿ."

ತನ್ನ ಹೆಸರು ಕೇಳಿ ಊಟ ಬಂತೆಂದು ನಾಯಿ ಕುಂಡೆಯೂರಿ ಕೂತು ಜೊಲ್ಲು ಸುರಿಸಿತು.

ಬಾಬಾ ಕೆಮ್ಮಿದರು. "ಬಜೋತಿನಿ, ಯಾವ ಬಸುರಿ ವಿಷಯ ಅಂತ ಕೇಳಪ್ಪ. ಪಕ್ಕದ್ಮನೆ ಮಾದುಮಾದಾ?"

"ಬಜೋತಿನಿ, ನಿನ್ನ ಯಜಮಾನನಿಗೆ ಬಾಯಿ ಮುಚ್ಕೊಂಡು ಗಡ್ಡ ಕೆರ್ಕೊಳ್ಳೋಕೆ ಹೇಳು," ಎಂದಳು ಮಾಶೆಲೆಂಬೆ. ದನಿ ಇಳಿದಿತ್ತು. "ಎಷ್ಟು ತಿಂಗಳು ಅಂತ ಕೇಳು."

"ಮೂರು ಅಂತ ಹೇಳು, ಬಜೋತಿನಿ."

"ಮೆಲ್ಲಗೆ ಹೇಳೋಕೆ ಹೇಳು. ಆ ಮುದುಕಿ ಬೇಲಿ ಹತ್ರಾನೇ ಇದಾಳೆ."

ಬಾಬಾ ಅರ್ಧ ನೊರೆಯ ಮುಖದಲ್ಲೇ ನಡೆದರು. ಸೊಸೆಯ ಪಕ್ಕದಿಂದ, ಅವಳ ಕಡೆ ನೋಡದೆ, ಮೆಟ್ಟಿಲು ಹತ್ತಿ, ಮದುವೆಯಾದಾಗಿನಿಂದ ಕಾಲಿಡದ ಅಡುಗೆಮನೆಗೆ ಹೋದರು. ಡಬ್ಬಿಗಳು ಬಿದ್ದವು. ಕೊನೆಗೆ ಶೀಶೆ, ಸಾಸೇಜು ಹಿಡಿದು ಬಂದರು. ತಟ್ಟೆ ಕೆಳಗಿಟ್ಟು ನಾಯಿಗೆ ಉಣಲು ಬಿಟ್ಟು, ಮಾತ್ರೆ ಹುದುಗಿಸಿದ ತುಂಡು ಕೊಟ್ಟರು. ನಾಯಿ ಸಾಸೇಜು ತಿಂದು ಮಾತ್ರೆಯನ್ನು ಅವರ ಚಪ್ಪಲಿಯ ಮೇಲೆ ಉಗುಳಿತು.

"ಬಸ್ಸು ಓಡಿಸಿದ ಹಾಗಲ್ಲ," ಎಂದಳು ಮಾಶೆಲೆಂಬೆ.

ಅವರು ಅದನ್ನೇ ಎತ್ತಿ ಗಂಟಲಿಗೆ ತುರುಕಿ, ಮೂತಿ ಹಿಡಿದು, ನುಂಗುವವರೆಗೆ ಕುತ್ತಿಗೆ ನೀವಿದರು. "ನಾಳೆಯಿಂದ ನಂಗೂ ನಿಂಗೂ ಇದೇ ಕೆಲಸ ಕಣೋ," ಎಂದು ನಾಯಿಗೆ ಹೇಳಿ, ಉಳಿದರ್ಧ ಗಡ್ಡಕ್ಕೆ ಮರದಡಿ ಹೋದರು.

ಜಿಬುಯಿಲೆಗೆ ಹಗುರಾಗಬೇಕಿತ್ತು. ಆಗಲಿಲ್ಲ. ಹೇಳಿಬಿಟ್ಟೆನಲ್ಲ ಎಂಬ ಹೊಸ ಭಯ ಹಳೆಯದರ ಪಕ್ಕದಲ್ಲೇ ಬಂದು ಕೂತಿತು. ಮಾಶೆಲೆಂಬೆ ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿ, ಹಿತ್ತಿಲ ಬಕೆಟ್ಟಿನ ಬಳಿ ಕೂರಿಸಿ, ಹಸಿರು ಸೋಪಿನ ಗಟ್ಟಿಯಿಂದ ಅವಳ ಎರಡೂ ಕೈಗಳನ್ನು ಮೊಣಕೈವರೆಗೆ ತಿಕ್ಕತೊಡಗಿದಳು, ಮಣ್ಣಾಡಿ ಬಂದ ಮಕ್ಕಳ ಕೈ ತಿಕ್ಕುವಂತೆ. ಉಗುರಿನ ಸಂದಿಯನ್ನೂ ಬಿಡಲಿಲ್ಲ.

"ಅಮ್ಮ, ನಾನು ಕ್ಲಿನಿಕ್ಕಿಗೆ ಹೋಗಿ ಕೇಳ್ಬೇಕು."

"ಐದು ತುಂಬೋವರೆಗೆ ಎಲ್ಲಿಗೂ ಬೇಡ. ಗೇಟಿನಾಚೆ ಕಾಲಿಡ್ಬೇಡ. ಆ ಬೆಂಚಿನ ಮೇಲೆ ಕೂತಿರೋರೆಲ್ಲ ನಿನ್ನ ಹೊಟ್ಟೇನೇ ನೋಡ್ತಾರೆ." ತಿಕ್ಕುತ್ತಲೇ ಕೇಳಿದಳು, ಈಗ ನಾಯಿಗಲ್ಲ: "ಬರಿಗೈಲಿ ಎಷ್ಟು ಸಲ ಕೊಟ್ಟೆ?"

"ಕೈಗವಸು ಹೋದ್ಮೇಲೆ ದಿನಾ. ಒಂದು ದಿನ ಒಡೆದು ಪುಡಿ ಪೂರಾ ಕೈ ಮೇಲೆ ಬಿತ್ತು."

ಸೋಪು ನಿಂತಿತು. ಕೈಗವಸನ್ನು ಎತ್ತಿಟ್ಟವಳು ಮಾಶೆಲೆಂಬೆಯೇ. ಅವಳು ಬಕೆಟ್ಟಿನ ಬೂದುನೀರನ್ನು ನೋಡುತ್ತ ಕೂತಳು. ಬೇಲಿಯಾಚೆ ಮಾದುಮಾ ಯಾರಿಗೋ ಏನೋ ಕೂಗುತ್ತಿದ್ದಳು.

"ಹೊಟ್ಟೆ ನೋಯ್ತಿದೆಯಾ?"

"ಗೊತ್ತಾಗ್ತಿಲ್ಲ ಅಮ್ಮ. ಒಂದೊಂದ್ಸಲ ಅನ್ಸತ್ತೆ."

"ದೊಡ್ಡ ಶಾಲು ಹೊದ್ಕೋ," ಎಂದಳು ಮಾಶೆಲೆಂಬೆ. "ನಾನೂ ಬರ್ತೀನಿ. ನೋಡೋರು ನೋಡ್ಲಿ."

ಹಾಗೆಂದರೂ ಅವಳು ಏಳಲಿಲ್ಲ. ಸೊಸೆಯ ಒದ್ದೆ ಕೈಗಳನ್ನು ಬಿಗಿಯಾಗಿ ಹಿಡಿದೇ ಇದ್ದಳು, ಜಿಬುಯಿಲೆ ಬಿಡಿಸಿಕೊಳ್ಳಲೂ ಇಲ್ಲ.