ಎಪ್ಪತ್ತೆರಡು ಅಂದರೆ ಫಸ್ಟ್ ಕ್ಲಾಸ್ ಅಲ್ಲ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮದ್ರಾಸಿನ ವಿಮಾ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದೆ. ಮಧ್ಯಾಹ್ನವಾದರೆ ಫೈಲಿನ ಮೇಲೇ ತೂಕಡಿಸುತ್ತಿದ್ದೆ. ಇನ್ನೊಮ್ಮೆ ನಿದ್ದೆ ಮಾಡಿದರೆ ಮೆಮೊ ಎಂದು ಮ್ಯಾನೇಜರ್ ಹೇಳಿದ್ದರು. ಮಾನ ಹೋಗುವ ಮೊದಲೇ ನಾನು ಕೆಲಸ ಬಿಡಬೇಕೆಂದು ಪುರಸೈವಾಕ್ಕಂನ ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ರೈಲ್ವೆಯಲ್ಲಿದ್ದ ನನ್ನ ಗಂಡ ರಾಜೀನಾಮೆಯನ್ನು ಚೆಂದದ ಇಂಗ್ಲಿಷಿನಲ್ಲಿ ತಾವೇ ಬರೆದಿಟ್ಟಿದ್ದರು. ನನ್ನ ಸಹಿಯೊಂದು ಬಾಕಿ.

ಸಹಿ ಹಾಕದೆ ನಾನು ಆಸ್ಪತ್ರೆಗೆ ಹೋಗಿ ಹಗಲಿನ ತೂಕಡಿಕೆ, ರಾತ್ರಿಯ ಗೊರಕೆ ಎರಡನ್ನೂ ಹೇಳಿಕೊಂಡೆ. ತಲೆಗೆ, ಎದೆಗೆ ವೈರು ಅಂಟಿಸಿ ಒಂದು ರಾತ್ರಿ ಅಲ್ಲೇ ಮಲಗಿಸಿ, ನನ್ನ ನಿದ್ದೆಯನ್ನು ಕಾಗದದ ಮೇಲೆ ಗೀಚಿಸಿದರು. ವರದಿ ಬಂದಾಗ ಗಂಡ ಕನ್ನಡಕ ಏರಿಸಿ, ಆಕ್ಸಿಜನ್ ಎಂದಿದ್ದ ಕಡೆ ಬೆರಳಿಟ್ಟರು.

"ಎಪ್ಪತ್ತೆರಡು! ಫಸ್ಟ್ ಕ್ಲಾಸ್ ಕಣೇ. ನಿಂಗೇನೂ ಇಲ್ಲ."

"ನಾ ಹೇಳ್ಲಿಲ್ವಾ, ಬರೀ ಸೋಂಬೇರಿತನ," ಎಂದರು ಅತ್ತೆ. "ಹೆಂಗಸು ಗೊರಕೆ ಹೊಡೀತಾಳೆ ಅಂತ ಊರಿಗೆಲ್ಲ ಡಂಗುರ ಬೇರೆ."

ನಮ್ಮ ಮನೆಯವರಿಗೆ ಯಾವ ಅಂಕೆ ಕಂಡರೂ ಅದು ಮಾರ್ಕ್ಸೇ. ಅರವತ್ತು ದಾಟಿದರೆ ಮುಗಿಯಿತು, ಪೇಡ ಹಂಚಬಹುದು. ನನಗೆ ಮೈಯೆಲ್ಲ ಉರಿಯಿತು. ಮರುದಿನ ಒಬ್ಬಳೇ ಆಸ್ಪತ್ರೆಗೆ ಹೋಗಿ, ಇದನ್ನು ಓದುವುದು ಹೇಗೆಂದು ಕಲಿಸುವವರೆಗೂ ಏಳುವುದಿಲ್ಲವೆಂದು ಡಾಕ್ಟರಮ್ಮನ ಎದುರು ಕುಳಿತೆ.

ಅವರು ನಕ್ಕು ಗೆರೆ ತೋರಿಸಿದರು. ಅಲೆಯಿದ್ದಲ್ಲಿ ಉಸಿರಾಡುತ್ತಿದ್ದೇನೆ, ಚಪ್ಪಟೆಯಾದಲ್ಲಿ ಉಸಿರು ನಿಂತಿದೆ. "ತೊಂಡೈ ಮೂಡಿಕ್ಕುದು ಅಮ್ಮಾ," ಎಂದು ತಮಿಳಿನಲ್ಲಿ ಹೇಳಿ, ಗಂಟಲು ಮುಚ್ಚಿಕೊಳ್ಳುವುದನ್ನು ಮುಷ್ಟಿ ಬಿಗಿದು ತೋರಿಸಿದರು. ತೊಂಬತ್ತರ ಮೇಲೆಯೇ ಇರಬೇಕಾದ ಆಕ್ಸಿಜನ್ ಆಗ ಎಪ್ಪತ್ತೆರಡಕ್ಕೆ ಕುಸಿಯುತ್ತದೆ. ಮಿದುಳು ಗಾಬರಿಬಿದ್ದು ಎಬ್ಬಿಸುತ್ತದೆ, ಎದ್ದದ್ದು ನನಗೇ ತಿಳಿಯುವುದಿಲ್ಲ. ಬೆಳಗಿನವರೆಗೂ ಇದೇ ಕಥೆ. ತೂಕ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು, ಅಷ್ಟಕ್ಕೂ ಬಗ್ಗದಿದ್ದರೆ ಮುಂದೆ ನೋಡೋಣ ಎಂದರು. ಹಾಳೆಯ ಒಂದು ದೊಡ್ಡ ಚೌಕವೆಂದರೆ ಒಂದು ಸೆಕೆಂಡು ಎಂಬುದನ್ನೂ ಕೇಳಿ ತಿಳಿದುಕೊಂಡೆ.

ಮನೆಗೆ ಬಂದು, ಕಾಫಿ ಕುಡಿಯುತ್ತಿದ್ದ ಗಂಡನ ಮುಂದೆ ಹಾಳೆ ಹರಡಿದೆ.

"ಉಸಿರು ಪೂರ್ತಿ ಹೊರಗೆ ಬಿಡಿ. ಈಗ ಮೂಗು ಬಾಯಿ ಮುಚ್ಕೊಳ್ಳಿ. ನನ್ನ ಬೆರಳು ಈ ಚಪ್ಪಟೆ ಗೆರೆ ದಾಟೋವರೆಗೂ ಬಿಡಬೇಡಿ."

ಗಡಿಯಾರ ನೋಡುತ್ತ ಒಂದೊಂದೇ ಚೌಕ ಬೆರಳು ಸರಿಸಿದೆ. ಅರ್ಧ ದಾರಿಗೂ ಬಂದಿರಲಿಲ್ಲ, ಅವರ ಮುಖ ಕೆಂಪಾಯಿತು. ಕೈ ತೆಗೆದು ಏದುಸಿರು ಬಿಟ್ಟರು. ಅತ್ತೆ ನೀರಿನ ಲೋಟ ಹಿಡಿದು ಓಡಿ ಬಂದರು.

"ಸಾಕು ಬಿಡೇ! ಅವನನ್ನ ಸಾಯಿಸ್ತೀಯಾ?"

"ರಾತ್ರಿಯೆಲ್ಲ ನಾನು ಹಿಂಗೇ ಸಾಯ್ತೀನಿ ಅತ್ತೆ," ಎಂದೆ. "ಬೆಳಿಗ್ಗೆ ಎದ್ದು ನಿಮಗೆಲ್ಲ ಅಡುಗೆ ಮಾಡಿಟ್ಟು, ಬಸ್ ಹಿಡಿದು ಆಫೀಸಿಗೂ ಹೋಗ್ತೀನಿ. ನಾಳೆನೂ ಹೋಗ್ತೀನಿ."