ನಾಲ್ಕೂವರೆ ಕ್ವಿಂಟಾಲ್ ಎಲ್ಲಿ ಹೋಯಿತು?

ಬೆಳಗಿನ ಆರು ಗಂಟೆ. ಮಧುವನಹಳ್ಳಿಯ ಹೊರಗೆ, ಆರಿದ ಸುಣ್ಣದ ಗೂಡಿನೊಳಗೆ ಇಳಿದು ಚಿಕ್ಕಬಸಮ್ಮ ಬೆಂದ ಕಲ್ಲುಗಳನ್ನು ಮಂಕರಿಗೆ ತುಂಬುತ್ತಿದ್ದಾರೆ. ಕಣ್ಣಿನ ರೆಪ್ಪೆಯೂ ಬೆಳ್ಳಗಾಗಿದೆ. ನಾನು ಒಂದು ಕಲ್ಲಿಗೆ ಕೈ ಚಾಚಿದರೆ ಗದರುತ್ತಾರೆ. "ಕೈ ಬೆವತಿದ್ರೆ ಮುಟ್‌ಬ್ಯಾಡಿ ಸಾ, ಸುಟ್ಟೋಯ್ತದೆ."

ಐವತ್ತೆಂಟರ ಈಕೆ ಸುಣ್ಣ ಸುಡಲು ಶುರುಮಾಡಿ ಮೂವತ್ತು ವರ್ಷವಾಯಿತು. ಗಂಡ ತೀರಿಕೊಂಡ ಮೇಲೆ ಕಲ್ಲು ಒಡೆಯುವುದು, ಸೌದೆ ಜೋಡಿಸುವುದು ಎಲ್ಲ ಒಬ್ಬರದೇ. ಗೂಡಿಗೆ ಹತ್ತು ಕ್ವಿಂಟಾಲ್ ಕಲ್ಲು ಹಾಕಿದರೆ ಸಿಗುವುದು ಹೆಚ್ಚುಕಮ್ಮಿ ಐದೂವರೆ ಕ್ವಿಂಟಾಲ್ ಸುಣ್ಣ. ಕಳೆದ ವರ್ಷ ಇದೇ ಅವರ ಮಾನಕ್ಕೆ ಕುತ್ತು ತಂದಿತ್ತು.

ಧನಗೆರೆಯ ಕೆಂಪನಂಜಪ್ಪನವರು ಗಾರೆ ಮನೆ ಕಟ್ಟಿಸಲೆಂದು ತಮ್ಮ ಹೊಲದ ಸುಣ್ಣಕಲ್ಲನ್ನೇ ಹತ್ತು ಕ್ವಿಂಟಾಲ್ ತೂಗಿ ತಂದಿದ್ದರು. ಸುಟ್ಟ ಮೇಲೆ ತೂಕ ನೋಡಿದ್ದೇ, "ನಾಲ್ಕೂವರೆ ಕ್ವಿಂಟಾಲ್ ನುಂಗ್‌ಬುಟ್ಯಲ್ಲಮ್ಮಿ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದರು. ಬೇರೆ ಗಿರಾಕಿಗಳೂ ಹಿಂದೆ ಸರಿದರು. "ಕಳ್ಳಿ ಅನ್ನಿಸ್ಕಂಡು ಗೂಡಿಗೆ ಬೆಂಕಿ ಅಚ್ಚಕಾಯ್ತದಾ ಸಾ? ಇನ್ನೊಂದ್ಸಲ ಸುಡ್ತೀನಿ, ಕಾವಲು ಕೂರ್ಸಿ ಅಂದೆ" ಎನ್ನುತ್ತಾರೆ ಚಿಕ್ಕಬಸಮ್ಮ.

ಕಾವಲಿಗೆ ಬಂದವರು ಕೆಂಪನಂಜಪ್ಪನವರ ಬಾಮೈದ ಶಾಂತಮೂರ್ತಿ. ಮತ್ತೆ ಅಷ್ಟೇ ತೂಕ ಇಳಿಯಿತು. ಭಾವನ ಅನುಮಾನ ಈಗ ಬಾಮೈದನತ್ತ ತಿರುಗಿತು. ಸ್ಕೂಟರಿನ ಡಿಕ್ಕಿಯಿಂದ ಟವೆಲಿನ ಗಂಟಿನವರೆಗೆ ತಪಾಸಣೆ ನಡೆದು ಸಿಕ್ಕಿದ್ದು ಅರ್ಧ ಪೊಟ್ಟಣ ಕಡಲೆಕಾಯಿ. ಶಾಂತಮೂರ್ತಿ ಮೂರು ತಿಂಗಳು ಅಕ್ಕನ ಮನೆಗೆ ಕಾಲಿಡಲಿಲ್ಲ.

ಮೂರನೇ ಸಲ ಯಜಮಾನರೇ ಗೂಡಿನ ಮುಂದೆ ಕುರ್ಚಿ ಹಾಕಿಸಿಕೊಂಡರು. ತಿಂಡಿ, ಊಟ ಅಲ್ಲಿಗೇ ಬಂತು. ಕೊನೆಗೆ ತೂಗಿದರೆ ಅದೇ ಐದೂವರೆ! ಪಾಪ, ತಮ್ಮ ಜೇಬನ್ನೇ ಒಮ್ಮೆ ಮುಟ್ಟಿಕೊಂಡು, "ನಾನಂತೂ ತಕಂಡಿಲ್ಲ ಕಣಮ್ಮಿ" ಎಂದು ಚಿಕ್ಕಬಸಮ್ಮನವರಿಗೇ ಸಮಜಾಯಿಷಿ ಕೊಟ್ಟರಂತೆ.

ಬಿಡಿಸಿ ಹೇಳಿದವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಶಾಂತರಾಜು. ಕಲ್ಲು ಕಾದಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆ ಅನಿಲವನ್ನೂ ಹಿಡಿದು ಸುಣ್ಣದ ಜೊತೆ ತೂಗಿದರೆ ಕಲ್ಲಿನ ತೂಕವೇ ಬರುತ್ತದೆ, ಒಂದು ಗುಂಜಿಯೂ ಕಳೆದಿರುವುದಿಲ್ಲ. ಗೋಡೆಗೆ ಬಳಿದ ಸುಣ್ಣ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ.

ಕೆಂಪನಂಜಪ್ಪನವರು ಊರವರ ಎದುರೇ ತಪ್ಪಾಯಿತು ಎಂದರು, ಗಿರಾಕಿಗಳು ಮರಳಿದರು, ಅದೇ ಸುಣ್ಣದಲ್ಲಿ ಯಜಮಾನರ ಗಾರೆ ಮನೆಯೂ ಎದ್ದಿತು. ಆದರೂ ಅವರು ಸಿಕ್ಕಾಗಲೆಲ್ಲ "ಗಾಳಿಗೋದ ನಾಲ್ಕೂವರೆ ಅಷ್ಟೂ ವಾಪಸ್ ಬಂದದಾ?" ಎಂದು ಕೇಳುವುದನ್ನು ಬಿಟ್ಟಿಲ್ಲ. ಅವರಿಗೇನು ಹೇಳುತ್ತೀರಿ ಎಂದೆ. ಚಿಕ್ಕಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಾರೆ.

"ಅವರ ಮಾಲು ಅವರ ಗ್ವಾಡೇಲೇ ಅದೆ ಸಾ. ಅನುಮಾನ ಇದ್ರೆ ಮನೆ ಎತ್ಕಂಡು ಬರ್ಲಿ, ನನ್ ತಕ್ಕಡೀಲೇ ತೂಗ್ತೀನಿ."